ಕಾಡಿನ ಕೆರೆ ದಂಡೆಯಲ್ಲಿ ಎರಡು ರಾತ್ರಿ: ಟೆಂಟು ನೀರಿಗೆ ಎಷ್ಟು ಹತ್ತಿರ ಇರಬಹುದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದ ಹಾಗೆ ಇದು: ಕಾಡಿನ ನಡುವೆ ಒಂದು ಕೆರೆ, ಅದರ ದಂಡೆಯಲ್ಲಿ ಕ್ಯಾಂಪಿಂಗ್ ಜಾಗ. ಕರೆಂಟಿಲ್ಲ, ನಲ್ಲಿಯಿಲ್ಲ, ಸಿಗ್ನಲ್ ಇಲ್ಲ. ಮೂರು ಜನ, ಎರಡು ರಾತ್ರಿ. ಟೆಂಟಿನ ಬಾಗಿಲು ತೆಗೆದರೆ ನೀರು ಕಾಲಿಗೆ ತಾಗುವ ಹಾಗಿರಬೇಕು ಅನ್ನುವ ಆಸೆ. ಏನಾದರೂ ತೊಂದರೆಯಿದೆಯೇ, ಏನೇನು ಒಯ್ಯಬೇಕು?

ನೀರು ಕಣ್ಣಿಗೆ ಕಾಣಲಿ, ಕಾಲಿಗೆ ತಾಗುವುದು ಬೇಡ. ಇಂಥ ಜಾಗಗಳಲ್ಲಿ ಜನ ಪಡುವ ಪಾಡು ಹೆಚ್ಚಾಗಿ ಕೆರೆಗೆ ತೀರಾ ಅಂಟಿಕೊಂಡು ಬಿಡಾರ ಹೂಡಿದ್ದರಿಂದಲೇ ಶುರುವಾಗುತ್ತದೆ. ನೆನಪಿಡಬೇಕಾದ ಅಳತೆ ಒಂದೇ: 60 ಮೀಟರ್. ದೊಡ್ಡವರ ಮಾಮೂಲಿ ನಡಿಗೆಯಲ್ಲಿ ಸುಮಾರು 80 ಹೆಜ್ಜೆ. ಮಲಗುವುದು, ಪಾತ್ರೆ ತೊಳೆಯುವುದು, ಸೋಪು ಹಚ್ಚುವುದು, ಶೌಚ, ಎಲ್ಲವೂ ನೀರಿನಿಂದ ಅಷ್ಟು ಆಚೆಗೆ. ಒಂದು ವಿನಾಯಿತಿಯಿದೆ. ಟೆಂಟು ಹಾಕಲೆಂದೇ ಗುರುತು ಮಾಡಿಟ್ಟ ಜಾಗ ದಡಕ್ಕೆ ಹತ್ತಿರವಿದ್ದರೆ ಅಲ್ಲೇ ಹಾಕಿ. ತುಳಿದು ತುಳಿದು ಗಟ್ಟಿಯಾದ ನೆಲ ಬಿಟ್ಟು ಹೊಸ ಹುಲ್ಲು, ಹೊಸ ಗಿಡ ತುಳಿಯುವುದು ಅದಕ್ಕಿಂತ ಕೆಟ್ಟದ್ದು. ಆಗಲೂ ತೊಳೆಯುವುದು ಮತ್ತು ಶೌಚ 80 ಹೆಜ್ಜೆ ಆಚೆಗೇ.

ಕಾರಣಗಳಲ್ಲಿ ಮೊದಲನೆಯದು ಚಳಿ. ಸಂಜೆಯಾದ ಮೇಲೆ ನೆಲದ ಕಾವು ಆರುತ್ತದೆ, ಅದಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ಇಳಿಜಾರಿನಲ್ಲಿ ನೀರು ಹರಿದ ಹಾಗೆಯೇ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಸುತ್ತಲಿನ ತಗ್ಗುಗಳಲ್ಲೆಲ್ಲ ತಗ್ಗು ಕೆರೆಯೇ ತಾನೆ? ಅದರ ಮೇಲೆ ನೀರಿನ ತೇವ ಬೇರೆ. ಬೆಳಗಿನ ಜಾವ ದಡದ ಟೆಂಟು ಮಳೆ ಬಂದ ಹಾಗೆ ನೆಂದಿರುತ್ತದೆ, ಎಂಟು ಹತ್ತು ಮೀಟರ್ ಎತ್ತರದ ದಿಬ್ಬದ ಮೇಲಿನದು ಎಷ್ಟೋ ಒಣಗಿರುತ್ತದೆ. ಎತ್ತರದಲ್ಲಿ ಸ್ವಲ್ಪ ಗಾಳಿಯಾಡುವುದರಿಂದ ಸೊಳ್ಳೆಯೂ ಕಡಿಮೆ. ಸೊಳ್ಳೆ ಗಾಳಿಗೆ ಎದುರಾಗಿ ಹಾರುವುದರಲ್ಲಿ ಬಲು ಸೋಮಾರಿ.

ಜಾಗ ಗೊತ್ತು ಮಾಡುವಾಗ ಮೊದಲು ನೆಲ ನೋಡಬೇಡಿ, ತಲೆ ಎತ್ತಿ ಮರ ನೋಡಿ. ಎಲೆಯಿಲ್ಲದೆ ಬೋಳಾದ ಕೊಂಬೆ, ಮುರಿದು ಇನ್ನೊಂದು ಕೊಂಬೆಯ ಮೇಲೆ ನೇತಾಡುತ್ತಿರುವ ತುಂಡು, ಬುಡ ಟೊಳ್ಳಾದ ಮರ ಇವುಗಳ ಕೆಳಗೆ ಬೇಡವೇ ಬೇಡ. ಆಮೇಲೆ ನೆಲ. ತರಗೆಲೆ, ಕಸಕಡ್ಡಿ ಒಂದೇ ದಿಕ್ಕಿಗೆ ಗೆರೆ ಎಳೆದ ಹಾಗೆ ಕೂತಿದ್ದರೆ ಮಳೆನೀರು ಹರಿಯುವ ದಾರಿ ಅದು. ಮಣ್ಣು ಒಣಗಿ ಬಿರುಕು ಬಿಟ್ಟ ಬಟ್ಟಲಿನಂಥ ಜಾಗ ಕಂಡರೆ ಅಲ್ಲಿ ನೀರು ನಿಲ್ಲುತ್ತದೆ. ಕೊಂಚ ಇಳಿಜಾರಿದ್ದರೆ ಒಳ್ಳೆಯದೇ, ತಲೆ ಮೇಲುಭಾಗಕ್ಕೆ ಬರಲಿ. ಟೆಂಟು ಬಿಡಿಸುವ ಮೊದಲು ಅಲ್ಲೇ ಒಮ್ಮೆ ಅಂಗಾತ ಮಲಗಿ ನೋಡಿ. ಬೆನ್ನಿಗೆ ಒತ್ತುವ ಬೇರು ಆಗಲೇ ಗೊತ್ತಾದರೆ ರಾತ್ರಿ ಎರಡು ಗಂಟೆಗೆ ಗೊತ್ತಾಗುವುದು ತಪ್ಪುತ್ತದೆ.

ಟೆಂಟು ಹಾಕುವುದರಲ್ಲಿ ಎಲ್ಲರೂ ಮಾಡುವ ಒಂದು ತಪ್ಪನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ ಟೆಂಟಿನ ತಳಕ್ಕಿಂತ ದೊಡ್ಡದಿದ್ದರೆ ಸುರಕ್ಷಿತ ಅಂತ ಅನಿಸುತ್ತದೆ. ಆಗುವುದು ಉಲ್ಟಾ. ಹೊರಗೆ ಚಾಚಿದ ಅಂಚಿನ ಮೇಲೆ ಬಿದ್ದ ಮಳೆ ಇಂಗಲು ದಾರಿಯಿಲ್ಲದೆ ನೇರ ನಿಮ್ಮ ಬೆನ್ನಿನ ಕೆಳಗೆ ಬಂದು ಕೂರುತ್ತದೆ. ಹಾಳೆ ತಳಕ್ಕಿಂತ ಸುತ್ತಲೂ ಐದು ಸೆಂಟಿಮೀಟರ್ ಚಿಕ್ಕದಿರಬೇಕು. ದೊಡ್ಡದಿದ್ದರೆ ಅಂಚನ್ನು ಒಳಗೆ, ಕೆಳಮುಖವಾಗಿ ಮಡಚಿ. ಮೇಲ್ಮುಖವಾಗಿ ಮಡಚಿದರೆ ಅದೇ ಒಂದು ತೊಟ್ಟಿಯಾಗುತ್ತದೆ.

ಗೂಟವನ್ನು ಓರೆಯಾಗಿ ಹೊಡೆಯಿರಿ: ತಲೆ ಟೆಂಟಿನಿಂದ ಆಚೆಗೆ ವಾಲಿರಬೇಕು, ಚೂಪು ತುದಿ ಟೆಂಟಿನ ಕಡೆಗೆ. ಕೆರೆ ಬದಿಯ ಮಣ್ಣು ಹಲವು ಕಡೆ ಮರಳು ಮರಳಾಗಿರುತ್ತದೆ, ಗೂಟ ಬೆಣ್ಣೆಯಿಂದ ಬಂದ ಹಾಗೆ ಈಚೆ ಬರುತ್ತದೆ. ಅಂಥಲ್ಲಿ ಒಂದಡಿ ಉದ್ದದ ಗಟ್ಟಿ ಕೋಲಿನ ನಡುವಿಗೆ ಹಗ್ಗ ಕಟ್ಟಿ, ಕೋಲನ್ನು ಹಗ್ಗಕ್ಕೆ ಅಡ್ಡಲಾಗಿ 30 ಸೆಂಟಿಮೀಟರ್ ಆಳಕ್ಕೆ ಹೂತು, ಮೇಲೆ ಮಣ್ಣು ತುಳಿದು ಗಟ್ಟಿ ಮಾಡಿ. ಒಬ್ಬರೇ ಎಳೆದರೆ ಕದಲುವುದಿಲ್ಲ. ಮೇಲ್ಹೊದಿಕೆ ನೈಲಾನಿನದಾದರೆ ತೇವಕ್ಕೆ ಹಿಗ್ಗಿ ಜೋಲು ಬೀಳುತ್ತದೆ, ಒಳ ಬಟ್ಟೆಗೆ ತಾಗಿದ ಕಡೆ ನೀರು ಜಿನುಗುತ್ತದೆ. ಮಲಗುವ ಮುಂಚೆ ಎಲ್ಲ ಹಗ್ಗಗಳನ್ನೂ ಇನ್ನೊಮ್ಮೆ ಬಿಗಿ ಮಾಡಿ. ಪಾಲಿಯೆಸ್ಟರಿಗೆ ಈ ಕಾಟ ಕಡಿಮೆ.

ಬೆಳಿಗ್ಗೆ ಟೆಂಟಿನ ಒಳಗೋಡೆ ಒದ್ದೆಯಾಗಿದ್ದರೆ ಸೋರಿದೆ ಅಂತ ಅಂಗಡಿಯವರನ್ನು ಬಯ್ಯಬೇಡಿ. ಅದು ನಿಮ್ಮದೇ ಉಸಿರು. ರಾತ್ರಿಗೆ ತಲಾ ಸುಮಾರು ಒಂದು ಲೋಟ ನೀರು ಉಸಿರು, ಬೆವರಿನ ಮೂಲಕ ಹೊರಬೀಳುತ್ತದೆ, ಮೂವರದು ಮೂರು ಲೋಟ. ಚಳಿಯೆಂದು ಗಾಳಿಕಿಂಡಿ ಮುಚ್ಚಿದರೆ ಅದೆಲ್ಲ ಗೋಡೆಗೆ ಕೂತು ತೊಟ್ಟಿಕ್ಕುತ್ತದೆ. ಮೇಲಿನ ಕಿಂಡಿ, ಬಾಗಿಲಿನ ಕೆಳತುದಿ ಎರಡೂ ತೆರೆದಿರಲಿ. ಒದ್ದೆ ಬಟ್ಟೆ ಒಳಗೆ ಹರಡಬೇಡಿ. ಚಳಿಗೆ ಪರಿಹಾರ ಕಿಂಡಿ ಮುಚ್ಚುವುದರಲ್ಲಿಲ್ಲ, ಕೆಳಗಿನ ಮ್ಯಾಟಿನಲ್ಲಿದೆ. ಸ್ಲೀಪಿಂಗ್ ಬ್ಯಾಗಿನ ತಳಭಾಗ ಮೈಭಾರಕ್ಕೆ ಚಪ್ಪಟೆಯಾಗುವುದರಿಂದ ಅದು ಬೆಚ್ಚಗಿಡುವುದಿಲ್ಲ, ನೆಲ ಶಾಖವನ್ನು ಹೀರುತ್ತಲೇ ಇರುತ್ತದೆ. ಮ್ಯಾಟ್ ಶಾಖವನ್ನು ಎಷ್ಟು ತಡೆದಿಡುತ್ತದೆ ಅಂತ ಹೇಳುವ ಆರ್-ವ್ಯಾಲ್ಯೂ ಎಂಬ ಅಂಕಿ ಅದರ ಮೇಲೆ ಇರುತ್ತದೆ: ಸೆಖೆಗಾಲಕ್ಕೆ 2 ಸಾಕು, ನೀರು ಹೆಪ್ಪುಗಟ್ಟುವ ಚಳಿ ಹತ್ತಿರವಿದ್ದರೆ 4 ಅಥವಾ ಹೆಚ್ಚು. ಎರಡು ಮ್ಯಾಟ್ ಒಂದರ ಮೇಲೊಂದು ಹಾಕಿದರೆ ಅಂಕಿಗಳೂ ಕೂಡುತ್ತವೆ. ದುಡ್ಡು ಒಂದಕ್ಕೇ ಇದೆ ಎಂದರೆ ದುಬಾರಿ ಬ್ಯಾಗ್ ಬಿಟ್ಟು ಒಳ್ಳೆಯ ಮ್ಯಾಟ್ ತೆಗೆದುಕೊಳ್ಳಿ ಅನ್ನುತ್ತೇನೆ.

ಈಗ ನೀರಿನ ಲೆಕ್ಕ. ಕುಡಿಯಲು, ಅಡುಗೆಗೆ ತಲಾ ದಿನಕ್ಕೆ ನಾಲ್ಕು ಲೀಟರ್ ಹಿಡಿಯಿರಿ. ಮೂವರಿಗೆ ಎರಡು ದಿನಕ್ಕೆ 24 ಲೀಟರ್. ಹೊತ್ತೊಯ್ಯುವ ಮಾತಿಲ್ಲ, ಕೆರೆಯದ್ದನ್ನೇ ಶುದ್ಧ ಮಾಡಬೇಕು. ಕುದಿಸುವುದಾದರೆ ಗುಳ್ಳೆ ಉಕ್ಕಿ ಬಂದ ಮೇಲೆ ಒಂದು ನಿಮಿಷ, 2000 ಮೀಟರಿಗಿಂತ ಎತ್ತರದ ಜಾಗವಾದರೆ ಮೂರು ನಿಮಿಷ. ಆದರೆ ಗ್ಯಾಸಿನ ಲೆಕ್ಕ ಹಾಕಿ: ಗಾಳಿಯಿಲ್ಲದಾಗ ಒಂದು ಲೀಟರ್ ಕುದಿಯಲು ಚಿಕ್ಕ ಸ್ಟವ್ 12ರಿಂದ 15 ಗ್ರಾಂ ಗ್ಯಾಸ್ ತಿನ್ನುತ್ತದೆ. 24 ಲೀಟರಿಗೆ ಹೆಚ್ಚುಕಡಿಮೆ 300ರಿಂದ 360 ಗ್ರಾಂ, ಅಂದರೆ 230 ಗ್ರಾಮಿನ ಒಂದು ಡಬ್ಬಿ ನೀರು ಕುದಿಸುವುದಕ್ಕೇ ಸಾಲದು. ಕುಡಿಯುವುದನ್ನು ಫಿಲ್ಟರ್ ಮಾಡಿ ಅಡುಗೆಯದ್ದನ್ನು ಮಾತ್ರ ಕುದಿಸಿದರೆ ಒಂದೇ ಡಬ್ಬಿಯಲ್ಲಿ ಮುಗಿಯುತ್ತದೆ. ಗಾಳಿ ಬೀಸಿದರೆ ಈ ಲೆಕ್ಕ ತಲೆಕೆಳಗಾಗುವುದರಿಂದ ಇನ್ನೊಂದು ಚಿಕ್ಕ ಡಬ್ಬಿ ಇರಲಿ.

0.1 ಅಥವಾ 0.2 ಮೈಕ್ರಾನಿನ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ರಂಧ್ರಗಳಿರುವ ಫಿಲ್ಟರ್ ಬ್ಯಾಕ್ಟೀರಿಯಾ ಮತ್ತು ಜಿಯಾರ್ಡಿಯಾದಂಥ ಪರಾವಲಂಬಿಗಳನ್ನು ತಡೆಯುತ್ತದೆ, ವೈರಸ್ಸನ್ನು ತಡೆಯುವುದಿಲ್ಲ. ಕೆರೆಗೆ ಮನುಷ್ಯರ ಹೊಲಸು ಸೇರುವ ಅನುಮಾನವಿದ್ದರೆ ಫಿಲ್ಟರ್ ಆದ ಮೇಲೆ ಕುದಿಸಲೇಬೇಕು. ಬರೀ ಕ್ಲೋರಿನ್ ಮಾತ್ರೆ ನೆಚ್ಚಿಕೊಂಡರೆ ಕ್ರಿಪ್ಟೋಸ್ಪೋರಿಡಿಯಂ ಎಂಬ ಪರಾವಲಂಬಿ ಉಳಿದುಕೊಳ್ಳುತ್ತದೆ. ನೀರು ತುಂಬುವಾಗ ದಡದ ರಾಡಿ ಕಲಕದೆ, ಮೇಲಿನ ಕೆನೆಯನ್ನು ಕೈಯಿಂದ ಸರಿಸಿ, ಪಾತ್ರೆಯ ಬಾಯಿಯನ್ನು ಒಂದು ಗೇಣು ಒಳಗೆ ಮುಳುಗಿಸಿ ತುಂಬಿ. ಕದಡಿದ್ದರೆ ಒಂದೆರಡು ಗಂಟೆ ತಿಳಿಯಾಗಲು ಬಿಟ್ಟು ಬಟ್ಟೆಯಲ್ಲಿ ಸೋಸಿ ಆಮೇಲೆ ಫಿಲ್ಟರಿಗೆ ಹಾಕಿ, ಇಲ್ಲವಾದರೆ ಎರಡನೇ ದಿನಕ್ಕೆ ಅದು ಕಟ್ಟಿಕೊಳ್ಳುತ್ತದೆ. ಹೆಪ್ಪುಗಟ್ಟುವ ಚಳಿಯಿದ್ದರೆ ರಾತ್ರಿ ಫಿಲ್ಟರನ್ನು ಬ್ಯಾಗಿನೊಳಗೆ ನಿಮ್ಮ ಜೊತೆಯೇ ಮಲಗಿಸಿ. ಒಳಗಿನ ನೀರು ಹೆಪ್ಪುಗಟ್ಟಿದರೆ ನೀರು ಸೋಸುವ ಸಣ್ಣ ಎಳೆಗಳು ಸೀಳುತ್ತವೆ, ಹೊರಗಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ.

ಒಂದನ್ನು ಮಾತ್ರ ಯಾವ ಉಪಾಯದಿಂದಲೂ ಸರಿಪಡಿಸಲಾಗದು. ದಡದ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದ ಹಾಗೆ, ಅಥವಾ ನೀಲಿ ಹಸಿರು ಕೆನೆಯ ಹಾಗೆ ಪದರ ಕಂಡರೆ ಅದು ಸಯನೋಬ್ಯಾಕ್ಟೀರಿಯಾ, ಅಂದರೆ ಪಾಚಿಯ ಹಾಗೆ ಕಾಣುವ, ವಿಷ ಬಿಡಬಲ್ಲ ಬ್ಯಾಕ್ಟೀರಿಯಾ ಆಗಿರಬಹುದು. ಕೋಲಿನಿಂದ ಎತ್ತಿ ನೋಡಿ: ಕೂದಲಿನ ಹಾಗೆ ಎಳೆ ಎಳೆಯಾಗಿ ಕೋಲಿಗೆ ಸುತ್ತಿ ಬಂದರೆ ಮಾಮೂಲಿ ಪಾಚಿ ಇರಬಹುದು, ಪೇಂಟಿನಲ್ಲಿ ಅದ್ದಿದ ಹಾಗೆ ಕೋಲಿಗೆ ಮೆತ್ತಿದರೆ ಅನುಮಾನಪಡಿ. ಅದರ ವಿಷ ಕುದಿಸಿದರೂ ಹೋಗುವುದಿಲ್ಲ. ಕುಡಿಯಬೇಡಿ, ಈಜಬೇಡಿ, ಜೊತೆಗೆ ನಾಯಿಯಿದ್ದರೆ ಅದನ್ನೂ ಬಿಡಬೇಡಿ. ಅಂಥ ಕೆರೆಗೆ ನೀರು ಹೊತ್ತೇ ಹೋಗಬೇಕು, ಇಲ್ಲವೇ ಹೋಗುವುದನ್ನೇ ಬಿಡಬೇಕು.

ಅಡುಗೆ ಸ್ಟವ್ ಮೇಲೆ, ಬೆಂಕಿ ಸುತ್ತ ಕೂರುವುದಕ್ಕೆ. ಹೀಗೆ ಬೇರೆ ಮಾಡಿಕೊಂಡರೆ ತಲೆನೋವಿಲ್ಲ. ಗ್ಯಾಸ್ ಡಬ್ಬಿಯಲ್ಲಿ ಬರೀ ಬ್ಯೂಟೇನ್ ಇದ್ದರೆ ಅದು ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ, ಜ್ವಾಲೆ ಸೊರಗುತ್ತದೆ. ಚಳಿಗೆ ಐಸೋಬ್ಯೂಟೇನ್, ಪ್ರೊಪೇನ್ ಬೆರೆಸಿದ್ದು ಕೊಳ್ಳಿ. ಡಬ್ಬಿಯ ಮೇಲೆಯೇ ಕೂರುವ ಸ್ಟವ್ ಆದರೆ ಗಾಳಿತಡೆಯನ್ನು ಸುತ್ತಲೂ ಮುಚ್ಚಬೇಡಿ, ಡಬ್ಬಿ ಕಾದು ಸಿಡಿಯಬಹುದು. ಗಾಳಿ ಬರುವ ಒಂದು ಕಡೆಗೆ ಮಾತ್ರ ಅಡ್ಡ ಇಡಿ. ಸ್ಟವ್ವಾಗಲಿ, ಕೆಂಡವಾಗಲಿ ಟೆಂಟಿನೊಳಗೆ ತರಲೇಬಾರದು, ಮಳೆಯಿದ್ದರೂ ಸರಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ.

ಬೆಂಕಿ ಹಾಕಲು ಅನುಮತಿಯಿದೆಯೇ ಎಂದು ಮೊದಲೇ ಕೇಳಿ. ಒಣ ದಿನಗಳಲ್ಲಿ ನಿಷೇಧ ಇರುವುದುಂಟು. ಅನುಮತಿ ಇದ್ದರೆ ಅಲ್ಲಿರುವ ಹಳೆಯ ಒಲೆಯಲ್ಲೇ ಹಾಕಿ, ದೂರದ ಊರಿನ ಸೌದೆ ತರಬೇಡಿ, ಅದರ ಜೊತೆ ಮರ ತಿನ್ನುವ ಹುಳುವೂ ಬರುತ್ತದೆ. ಕೆರೆಯೊಳಗಿನ ನುಣುಪು ಕಲ್ಲು ಚೆಂದ ಕಾಣುತ್ತದೆಂದು ಒಲೆಗೆ ಜೋಡಿಸಬೇಡಿ. ಒಳಗೆ ಸೇರಿದ ನೀರು ಕಾದು ಆವಿಯಾಗಿ ಕಲ್ಲು ಪಟಾಕಿಯ ಹಾಗೆ ಸಿಡಿಯುತ್ತದೆ. ಸೌದೆ ಮಣಿಕಟ್ಟಿಗಿಂತ ದಪ್ಪ ಬೇಡ, ದಪ್ಪ ಕೊರಡು ಮಲಗುವ ಹೊತ್ತಿಗೆ ಉರಿದು ಮುಗಿದಿರುವುದಿಲ್ಲ. ಮಲಗಲು ಅರ್ಧ ಗಂಟೆ ಇದ್ದಾಗಲೇ ಆರಿಸಲು ಶುರು ಮಾಡಿ. ನೀರು ಸುರಿಯಿರಿ, ಕೋಲಿನಿಂದ ಬೂದಿಯನ್ನು ತಳದವರೆಗೆ ಕೆದಕಿ, ಮತ್ತೆ ಸುರಿಯಿರಿ. ಚುಂಯ್ ಅನ್ನುವುದು ನಿಂತ ಮೇಲೆ ಅಂಗೈಯ ಹಿಂಬದಿಯನ್ನು ಹತ್ತಿರ ಹಿಡಿದು, ಬಿಸಿ ತಾಗದಿದ್ದರೆ ಮುಟ್ಟಿ ನೋಡಿ. ಮಣ್ಣು ಮುಚ್ಚಿ ಹೋದರೆ ಕೆಂಡ ಕೆಳಗೆ ಬದುಕಿರುತ್ತದೆ, ಬೇರು ಹಿಡಿದು ಎಷ್ಟೋ ಹೊತ್ತಿನ ಮೇಲೆ ಬೇರೆಲ್ಲೋ ಹೊಗೆಯೆಬ್ಬಿಸುತ್ತದೆ.

ಪಾತ್ರೆಯನ್ನು ಕೆರೆಗೆ ಅದ್ದಿ ತೊಳೆಯಬಾರದು. ಡಬ್ಬದ ಮೇಲೆ ‘ಪರಿಸರಸ್ನೇಹಿ’ ಅಂತ ಬರೆದಿದ್ದರೂ ಸೋಪು ಕೊಳೆತು ಇಲ್ಲವಾಗುವುದು ಮಣ್ಣಿನ ಜೀವಾಣುಗಳಿಂದ, ಕೆರೆನೀರಿನಲ್ಲಲ್ಲ. ತುಣುಕು ಸೋಸಿ ಕಸದ ಚೀಲಕ್ಕೆ ಹಾಕಿ, ಉಳಿದ ನೀರನ್ನು 80 ಹೆಜ್ಜೆ ಆಚೆ ಅಗಲಕ್ಕೆ ಎರಚಿ. ಶೌಚಾಲಯ ಇಲ್ಲದಿದ್ದರೆ ಚಿಕ್ಕ ಸಲಿಕೆ ಬೇಕು: ಗುಂಡಿ 15ರಿಂದ 20 ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಗೇಣು ಆಳ. ಅದಕ್ಕಿಂತ ಆಳ ತೋಡಿದರೆ ಕೊಳೆಯಿಸುವ ಜೀವಾಣುಗಳು ಕಡಿಮೆ, ಮೇಲೆ ಮೇಲೆ ತೋಡಿದರೆ ಪ್ರಾಣಿ ಕೆದಕುತ್ತದೆ. ಒರೆಸಿದ ಕಾಗದ ಚೀಲದಲ್ಲಿ ವಾಪಸ್ಸು.

ಟೆಂಟಿನೊಳಗೆ ಊಟದ ಸಾಮಾನು, ಟೂತ್‌ಪೇಸ್ಟು, ವಾಸನೆಯ ಕ್ರೀಮು ಯಾವುದೂ ಬೇಡ. ಅಲ್ಲಿ ಲೋಹದ ಪೆಟ್ಟಿಗೆ ಇಟ್ಟಿದ್ದರೆ ಅದರಲ್ಲಿ, ಇಲ್ಲವಾದರೆ ಕಾರಿನಲ್ಲಿ. ಎರಡೂ ಇಲ್ಲದಿದ್ದರೆ ನೆಲದಿಂದ ನಾಲ್ಕು ಮೀಟರ್ ಎತ್ತರದಲ್ಲಿ, ಕಾಂಡದಿಂದ ಎರಡು ಮೀಟರ್ ದೂರಕ್ಕೆ ತೂಗುಹಾಕಿ. ಕರಡಿಯಿರುವ ಕಾಡಾದರೆ ಅಲ್ಲಿನ ನಿಯಮವೇ ಅಂತಿಮ. ಮಾಮೂಲಿಯಾಗಿ ಕಾಡುವುದು ಇಲಿ, ಒಂದು ಬಿಸ್ಕತ್ತಿಗೆ ಟೆಂಟು ಕಡಿಯುತ್ತದೆ.

ಸೊಳ್ಳೆ ಓಡಿಸಲು ಮೈಗೆ ಹಚ್ಚುವ ಔಷಧಿಗಳಲ್ಲಿ ಡೀಟ್ ಎಂಬ ರಾಸಾಯನಿಕ 20ರಿಂದ 30 ಶೇಕಡಾ ಇರುವುದು ಅಥವಾ ಪಿಕಾರಿಡಿನ್ ಎಂಬುದು 20 ಶೇಕಡಾ ಇರುವುದು ಕೆಲಸ ಮಾಡುತ್ತದೆ. ಡೀಟ್ ಪ್ಲಾಸ್ಟಿಕ್ಕನ್ನು, ಕೆಲವು ಸಿಂಥೆಟಿಕ್ ಬಟ್ಟೆಗಳನ್ನು ಕೆಡಿಸುತ್ತದೆ, ಕೈಗೆ ಹಚ್ಚಿ ಕನ್ನಡಕ ಮುಟ್ಟಬೇಡಿ. ಸಂಜೆ ಮೈಯೆಲ್ಲ ಉಣುಗು ಹುಡುಕಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿದ ಹಾಗೆ ಹಿಡಿದು ನೇರ ಮೇಲಕ್ಕೆ, ನಿಧಾನಕ್ಕೆ ಎಳೆಯಿರಿ. ಎಣ್ಣೆ, ಬೆಂಕಿಕಡ್ಡಿ ಪ್ರಯೋಗ ಬೇಡ.

ಗುಡುಗು ಕೇಳಿದರೆ ನೀರಿನಿಂದ ಆಚೆ ಬನ್ನಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ. ಟೆಂಟು ಸಿಡಿಲನ್ನು ತಡೆಯುವುದಿಲ್ಲ, ಕಾರು ತಡೆಯುತ್ತದೆ.

ನೀವು ನೆಮ್ಮದಿ ಹುಡುಕಿಕೊಂಡು ಹೋಗುತ್ತಿದ್ದೀರಿ ಅಂದುಕೊಂಡು ಇನ್ನೊಂದು ಮಾತು. ರಾತ್ರಿ ನೀರಿಗೆ ತಾಗಿದ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ ಇದ್ದಾಗ ಶಬ್ದ ಮೇಲೆ ಹೋಗದೆ ಬಾಗಿ ಮತ್ತೆ ಕೆಳಗೇ ಬರುತ್ತದೆ. ದಡದಲ್ಲಿ ಕೂತು ಮೆಲ್ಲಗೆ ಆಡಿದ ಮಾತು ಎದುರು ದಡದವರಿಗೆ ಪದ ಪದವೂ ಕೇಳಬಹುದು. ಹರಟೆ ಮರಗಳ ಹಿಂದೆ ಇರಲಿ, ಹೆಡ್‌ಲ್ಯಾಂಪ್ ಕೆಂಪು ಬೆಳಕಿನಲ್ಲಿರಲಿ. ನಿಮ್ಮ ಕಣ್ಣೂ ಕತ್ತಲೆಗೆ ಹೊಂದಿಕೊಂಡೇ ಇರುತ್ತದೆ.

ಹೊರಡುವ ದಿನ ಟೆಂಟು ಒಣಗುವಷ್ಟು ಬಿಸಿಲು ಬರುವ ತನಕ ಕಾಯಲಾಗದಿದ್ದರೆ ಒದ್ದೆಯಾಗಿಯೇ ಮಡಚಿ ತನ್ನಿ, ಆದರೆ ಮನೆಗೆ ಬಂದ ದಿನವೇ ಬಿಚ್ಚಿ ನೆರಳಿನಲ್ಲಿ ಹರಡಿ. ಒಂದೆರಡು ದಿನ ಹಾಗೇ ಚೀಲದಲ್ಲಿಟ್ಟರೆ ಬೂಸಲು ಹಿಡಿಯುತ್ತದೆ, ಆ ವಾಸನೆ ಆಮೇಲೆ ಯಾವ ಸೋಪಿಗೂ ಬಗ್ಗುವುದಿಲ್ಲ.