ಬ್ಯಾಗ್ ಬದಲಿಸುವ ಮುನ್ನ ಮ್ಯಾಟ್ ನೋಡಿ

ಮೈನಸ್ 5 ಡಿಗ್ರಿಯ ಸ್ಲೀಪಿಂಗ್ ಬ್ಯಾಗ್ ಇದ್ದರೂ ಸೊನ್ನೆ ಡಿಗ್ರಿಯಲ್ಲೇ ರಾತ್ರಿಯಿಡೀ ನಡುಗಿದೆ, ಟ್ರೇಲ್‌ನ ಮುಂದಿನ ಭಾಗಕ್ಕೆ ಹೊಸ ಬ್ಯಾಗ್ ಕೊಳ್ಳಲಾ ಎಂದು ಕೇಳಿದ್ದೀರಿ. ಸ್ವಲ್ಪ ತಡೆಯಿರಿ. ಆ ಮೈನಸ್ 5 ಬಹುಶಃ 'ಲಿಮಿಟ್' ಅಂಕಿ, ಅಂದರೆ ಮುದುಡಿಕೊಂಡು ಹೇಗೋ ರಾತ್ರಿ ಕಳೆಯಬಹುದಾದ ಕನಿಷ್ಠ ತಾಪಮಾನ. ಲೇಬಲ್‌ನಲ್ಲಿ 'ಕಂಫರ್ಟ್' ಅಂತ ಇನ್ನೊಂದು ಇರುತ್ತದೆ, ಸಾಮಾನ್ಯವಾಗಿ ಐದಾರು ಡಿಗ್ರಿ ಜಾಸ್ತಿ. ನಂಬಬೇಕಾದದ್ದು ಅದನ್ನೇ.

ಆದರೆ ನನ್ನ ಅನುಮಾನ ಮ್ಯಾಟ್ ಮೇಲೆ. ನೀವು ಮಲಗಿದಾಗ ಬೆನ್ನಿನ ಕೆಳಗೆ ಬ್ಯಾಗಿನೊಳಗಿನ ತುಪ್ಪುಳು ಒತ್ತಿ ಚಪ್ಪಟೆಯಾಗುತ್ತದೆ. ತುಪ್ಪುಳಿನೊಳಗೆ ಗಾಳಿ ನಿಲ್ಲದಿದ್ದರೆ ಬೆಚ್ಚಗೂ ಇರಲ್ಲ, ನೆಲ ಸುಮ್ನೆ ಮೈಶಾಖ ಹೀರುತ್ತಲೇ ಇರುತ್ತದೆ. ಮ್ಯಾಟ್‌ನ ಆರ್-ವ್ಯಾಲ್ಯೂ ನೋಡಿ, ಅಂದರೆ ಅದು ಶಾಖವನ್ನು ಎಷ್ಟು ತಡೆಯುತ್ತದೆ ಅನ್ನುವ ಅಂಕಿ. 2 ಬೇಸಿಗೆಗೆ ಸಾಕು, ಸೊನ್ನೆಯ ಆಸುಪಾಸಿಗೆ 4 ಆದರೂ ಬೇಕು. ಎರಡು ಮ್ಯಾಟ್ ಒಂದರ ಮೇಲೊಂದು ಹಾಕಿದರೆ ಅಂಕಿಗಳನ್ನು ಕೂಡಿಸಿಕೊಳ್ಳಬಹುದು. ಅಂದರೆ ಈಗಿರುವುದರ ಕೆಳಗೆ ಒಂದು ಫೋಮ್ ಮ್ಯಾಟ್, ಅಷ್ಟೇ ಖರ್ಚು.

ತಣ್ಣನೆ ಗಾಳಿ ತಗ್ಗಿಗೆ ಇಳಿಯುತ್ತದೆ. ಹೊಳೆ ಪಕ್ಕದ ಜಾಗ ಎಷ್ಟೇ ಚೆಂದವಿರಲಿ, ಟೆಂಟನ್ನು ಸ್ವಲ್ಪ ಮೇಲೆ ಹಾಕಿ. ಮುಖ ಬ್ಯಾಗಿನೊಳಗೆ ಮುಚ್ಚಿಕೊಳ್ಳಬೇಡಿ, ಉಸಿರಿನ ತೇವಕ್ಕೆ ತುಪ್ಪುಳು ಒದ್ದೆಯಾಗುತ್ತದೆ.

ಟ್ರೇಲನ್ನು ತುಂಡು ತುಂಡಾಗಿ ನಡೆಯುವವರಿಗೆ ಒಂದು ತೊಂದರೆ ಇದೆ ಅಲ್ವಾ, ಪ್ರತಿ ಸಲವೂ ಕಾಲು ಹೊಸದಾಗಿ ಪಳಗಬೇಕು. ಮೊದಲ ದಿನ ಕಡಿಮೆ ನಡೆಯಿರಿ. ಸುಸ್ತಾಗಿ, ಅರೆಹೊಟ್ಟೆಯಲ್ಲಿ ಮಲಗಿದರೆ ಚಳಿ ಇನ್ನೂ ಜಾಸ್ತಿ.

ಹಾಂ, ಒಮ್ಮೆ ಬಳಸಿದ ನೀರಿನ ಫಿಲ್ಟರ್ ರಾತ್ರಿ ಬ್ಯಾಗಿನೊಳಗೇ ಇರಲಿ. ಹೆಪ್ಪುಗಟ್ಟಿದರೆ ಒಳಗಿನ ಎಳೆಗಳು ಬಿರುಕು ಬಿಡಬಹುದು, ಹೊರಗಿನಿಂದ ಗೊತ್ತೇ ಆಗಲ್ಲ.