ಬೆನ್ನಿನ ಪೈಪಿನಲ್ಲಿ ಮತ್ತೆ ರಕ್ತ ಬಂದರೆ

ಪ್ರಶ್ನೆ: ಅಪ್ಪಾಜಿಗೆ 61 ವರ್ಷ. ಮೂತ್ರನಾಳದಲ್ಲಿ ಹರಳು ಸಿಕ್ಕಿಕೊಂಡು ಬಲಗಿಡ್ನಿಯಲ್ಲಿ ಕೀವು ತುಂಬಿತ್ತು. ಹುಬ್ಬಳ್ಳಿಯಲ್ಲಿ ಬೆನ್ನಿನಿಂದ ಪೈಪ್ ಹಾಕಿ, ಚೀಲ ಜೋಡಿಸಿ ಮನೆಗೆ ಕಳಿಸಿದ್ದಾರೆ. ಇವತ್ತಿಗೆ ಒಂಬತ್ತು ದಿನ. ಮೂರನೇ ದಿನಕ್ಕೇ ಮೂತ್ರ ತಿಳಿಯಾಗಿತ್ತು. ನಿನ್ನೆಯಿಂದ ಮತ್ತೆ ಕೆಂಪಗೆ ಬರುತ್ತಿದೆ, ಚೀಲ ತುಂಬುತ್ತಿಲ್ಲ, ಡ್ರೆಸ್ಸಿಂಗ್ ಒದ್ದೆಯಾಗುತ್ತಿದೆ. ಪರಿಚಯದ ಕಾಂಪೌಂಡರ್ ಒಬ್ಬರು ಸಿರಿಂಜಿನಿಂದ ಜಗ್ಗಿ ತೆಗೆಯೋಣ ಅನ್ನುತ್ತಾರೆ. ಜಗ್ಗಬಹುದೇ?
– ಓದುಗರು, ಶಿಗ್ಗಾವಿ

ಉತ್ತರ: ಜಗ್ಗಬೇಡಿ. ಅವತ್ತೇ ಹುಬ್ಬಳ್ಳಿಗೆ ಹೊರಡಿ ಎಂದು ನಿಮಗೆ ಆಗಲೇ ತಿಳಿಸಿದ್ದೇವೆ. ಇದೇ ಸ್ಥಿತಿಯಲ್ಲಿರುವ ಇತರರಿಗಾಗಿ ಕಾರಣವನ್ನು ಇಲ್ಲಿ ಬರೆಯುತ್ತಿದ್ದೇವೆ.

ಪೈಪ್ ಹಾಕಿದ ಮೊದಲ ಒಂದೆರಡು ದಿನ ಮೂತ್ರ ತೆಳುಗೆಂಪಾಗಿರುವುದು ಸಹಜ. ಸೂಜಿ ಕಿಡ್ನಿಯ ಮಾಂಸವನ್ನು ತೂರಿಯೇ ಒಳಗೆ ಹೋಗಿರುತ್ತದೆ. ಒಮ್ಮೆ ತಿಳಿಯಾದದ್ದು ವಾರದ ಮೇಲೆ ಮತ್ತೆ ಕೆಂಪಾದರೆ ಲೆಕ್ಕ ಬೇರೆ. ಪೈಪ್ ಜಾರಿ ಅದರ ಪಕ್ಕದ ತೂತು ಮಾಂಸದೊಳಗೆ ಬಂದಿರಬಹುದು. ಇಲ್ಲವೇ ಸೂಜಿ ತಾಗಿದ ಅಪಧಮನಿಯ ಗೋಡೆ ಗುಳ್ಳೆಯಂತೆ ಉಬ್ಬಿ ಸೋರುತ್ತಿರಬಹುದು. ಇದು ಅಪರೂಪ, ಆದರೆ ಬಿಟ್ಟು ಬಿಟ್ಟು ಜೋರಾಗಿ ರಕ್ತ ಹೋಗುವುದು ಇದರಲ್ಲೇ. ಸಿಟಿ ಆಂಜಿಯೋದಲ್ಲಿ (ರಕ್ತನಾಳ ತೋರಿಸುವ ಸ್ಕ್ಯಾನ್) ಕಂಡರೆ, ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ಒಯ್ದು ಆ ಕವಲನ್ನಷ್ಟೇ ಮುಚ್ಚುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ಮೊದಲೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ.

ಚೀಲ ತುಂಬದಿರುವುದು ನಮಗೆ ರಕ್ತದಷ್ಟೇ ಚಿಂತೆಯ ವಿಷಯ. ಪೈಪಿನ ದಪ್ಪ ಸಾಮಾನ್ಯವಾಗಿ 8ರಿಂದ 10 ಫ್ರೆಂಚ್, ಅಂದರೆ ಸುಮಾರು 3 ಮಿಲಿಮೀಟರ್. ಚಿಕ್ಕದೊಂದು ಹೆಪ್ಪು ಸಾಕು ಅದನ್ನು ಮುಚ್ಚಲು. ಒಳಗೆ ದಾರಿ ಕಟ್ಟಿದಾಗ ಮೂತ್ರ ಪೈಪಿನ ಸುತ್ತಲಿಂದ ಸೋರಿ ಡ್ರೆಸ್ಸಿಂಗ್ ನೆನೆಯುತ್ತದೆ. ಮೊದಲೇ ಸೋಂಕಿದ್ದ ಕಿಡ್ನಿಯಲ್ಲಿ ಒತ್ತಡ ಏರಿದರೆ ರೋಗಾಣುಗಳು ರಕ್ತಕ್ಕೆ ನುಗ್ಗುತ್ತವೆ. ಚಳಿ, ನಡುಕ, 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ ಇದ್ದರೆ ಬೆಳಗಾಗುವವರೆಗೂ ಕಾಯಬಾರದು, 108ಕ್ಕೆ ಕರೆ ಮಾಡಿ.

ಹೊರಡುವ ಮೊದಲು ಇಷ್ಟು ನೋಡಿ: ಪೈಪ್ ಎಲ್ಲಾದರೂ ಮಡಚಿದೆಯೇ, ಜೋಡಣೆಯ ನಲ್ಲಿ ಮುಚ್ಚಿಕೊಂಡಿದೆಯೇ. ಧೋತರದ ಗಂಟು ಪೈಪಿನ ಮೇಲೆ ಕೂತು ಅದನ್ನು ಒತ್ತುವುದು ನಮ್ಮ ಕಡೆ ಆಗುವಂಥದ್ದೇ. ಬಸ್ಸಿನಲ್ಲಿ ಚೀಲವನ್ನು ಮೇಲಿನ ಕ್ಯಾರಿಯರ್‌ನಲ್ಲಿ ಇಡಬೇಡಿ, ಅದು ಯಾವಾಗಲೂ ಸೊಂಟಕ್ಕಿಂತ ಕೆಳಗೇ ಇರಲಿ.

ತೊಳೆಯುವುದಾದರೆ ತರಬೇತಾದ ನರ್ಸ್ 5 ಎಂಎಲ್ ಸ್ಟೆರೈಲ್ ಸಲೈನನ್ನು ನಿಧಾನವಾಗಿ ಬಿಡುತ್ತಾರೆ, ಆಮೇಲೆ ಅದು ತಾನಾಗಿಯೇ ಇಳಿಯಬೇಕು. ಜೋರಾಗಿ ಒತ್ತಿದರೆ ಕೀವು ಹಿಂದಕ್ಕೆ ಹೋಗುತ್ತದೆ, ಜಗ್ಗಿದರೆ ಹೊಸ ರಕ್ತಸ್ರಾವ. ಪೈಪ್ ಪೂರ್ತಿ ಕಳಚಿ ಬಂದರೆ ಮರಳಿ ತುರುಕಬೇಡಿ; ಚೊಕ್ಕ ಗಾಜ್ ಬಟ್ಟೆ ಮುಚ್ಚಿ ಕೂಡಲೇ ಹೋಗಿ. ಹೊಸ ದಾರಿ ಕೆಲವೇ ತಾಸಿನಲ್ಲಿ ಮುಚ್ಚಿಕೊಳ್ಳುತ್ತದೆ, ತಡವಾದರೆ ಮತ್ತೆ ಸೂಜಿಯೇ ಗತಿ.

ಪ್ರಶ್ನೆ: ಅವ್ವನಿಗೆ ಎರಡು ತಿಂಗಳಿಂದ ಪೈಪ್ ಇದೆ, ಜ್ವರವಿಲ್ಲ. ಚೀಲದ ಮೂತ್ರ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಬಂದಿದೆ. ಆಂಟಿಬಯಾಟಿಕ್ ಬೇಕೇ?
– ಓದುಗರು, ನರಗುಂದ

ಉತ್ತರ: ಜ್ವರ, ಪಕ್ಕೆನೋವು ಇಲ್ಲದಿದ್ದರೆ ಸಾಮಾನ್ಯವಾಗಿ ಬೇಡ. ತಿಂಗಳುಗಟ್ಟಲೆ ಇರುವ ಪೈಪಿನಲ್ಲಿ ಬ್ಯಾಕ್ಟೀರಿಯಾ ಮನೆ ಮಾಡಿಯೇ ಇರುತ್ತವೆ. ಚೀಲದಿಂದ ತೆಗೆದ ಮೂತ್ರವಂತೂ ಪರೀಕ್ಷೆಗೆ ಸಲ್ಲದು. ಆದರೆ ಮೂರು ತಿಂಗಳೊಳಗೆ ಪೈಪ್ ಬದಲಿಸುವುದನ್ನು ತಪ್ಪಿಸಬೇಡಿ, ಹಳೆಯದರ ಮೇಲೆ ಸುಣ್ಣದಂಥ ಪದರ ಕೂತು ಅದು ಹೊರಬರುವುದೇ ಕಷ್ಟವಾಗುತ್ತದೆ.