‘ದಿ ಬಿಗ್ ಸ್ಲೀಪ್’: ಡ್ರೈವರನ್ನು ಕೊಂದವರು ಯಾರು?

ಹಾಲಿವುಡ್‌ನ ಹಳೆಯ ಪತ್ತೇದಾರಿ ಸಿನಿಮಾ ‘ದಿ ಬಿಗ್ ಸ್ಲೀಪ್’ ಎರಡು ಸಲ ನೋಡಿದರೂ ಕಾರ್ ಡ್ರೈವರನ್ನು ಕೊಂದವರು ಯಾರು ಅಂತ ತಿಳಿಯಲಿಲ್ಲ, ಇಂಥ ಸಿನಿಮಾ ಜನರಿಗೆ ಹೇಗೆ ಹಿಡಿಸಿತು ಅಂತ ಕೇಳಿದ್ದೀರಿ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಸಿನಿಮಾ ಮಾಡುವಾಗ ನಿರ್ದೇಶಕ ಹೋವರ್ಡ್ ಹಾಕ್ಸ್ ಕಡೆಯವರು ಇದನ್ನೇ ಕಾದಂಬರಿಕಾರ ರೇಮಂಡ್ ಚಾಂಡ್ಲರ್‌ಗೆ ಟೆಲಿಗ್ರಾಂ ಕಳಿಸಿ ಕೇಳಿದ್ದರು. ಬರೆದವರಿಗೇ ಗೊತ್ತಿರಲಿಲ್ಲ!

ಇನ್ನೂ ಮಜಾ ಏನೆಂದರೆ, 1945ರಲ್ಲೇ ಸಿನಿಮಾ ಮುಗಿದು, ಅಮೆರಿಕದ ಸೈನಿಕರಿಗೆ ತೋರಿಸಿಯೂ ಆಗಿತ್ತು. ಅದರಲ್ಲಿ ಪತ್ತೇದಾರ ಮಾರ್ಲೋ ಸರ್ಕಾರಿ ವಕೀಲರ ಕಚೇರಿಯಲ್ಲಿ ಕೂತು ಕೇಸನ್ನು ಬಿಡಿಸಿ ಹೇಳುವ ದೃಶ್ಯ ಇತ್ತು. 1946ರ ಬಿಡುಗಡೆಗೆ ಮುಂಚೆ ಅದನ್ನೇ ಕಿತ್ತುಹಾಕಿ, ಮಾರ್ಲೋ ಪಾತ್ರದ ಹಂಫ್ರಿ ಬೋಗಾರ್ಟ್, ನಾಯಕಿ ಲಾರೆನ್ ಬಕಾಲ್ ಜೋಡಿಯ ಹೊಸ ದೃಶ್ಯಗಳನ್ನು ತುರುಕಿದರು. ಇಬ್ಬರೂ ಕುದುರೆ ರೇಸಿನ ಮಾತಿನ ನೆಪದಲ್ಲಿ ಒಬ್ಬರನ್ನೊಬ್ಬರು ಕೆಣಕುತ್ತಾರಲ್ಲ, ಅದು ಹಾಗೆ ಬಂದದ್ದು. ಜನಕ್ಕೂ ಬೇಕಾಗಿದ್ದದ್ದು ಅದೇ.

ಪುಸ್ತಕದಂಗಡಿಗೆ ನುಗ್ಗುವ ಮುಂಚೆ ಮಾರ್ಲೋ ಟೋಪಿಯ ಅಂಚನ್ನು ಮೇಲಕ್ಕೆ ಮಡಚಿ, ಕನ್ನಡಕ ಏರಿಸಿ, ದನಿ ಬದಲಿಸುತ್ತಾನೆ. ಆ ತರಲೆ ನೋಡುತ್ತಾ ಕೂತರೆ ಕೊಲೆಗಾರನ ನೆನಪು ಯಾರಿಗೆ ಇರುತ್ತದೆ ಹೇಳಿ?

ಹಳೆಯ ಆವೃತ್ತಿ 1997ರಲ್ಲಿ ಮತ್ತೆ ಹೊರಬಂದಿದೆ. ಸಿಕ್ಕರೆ ನೋಡಿ. ಕಥೆ ಸಲೀಸಾಗಿ ತಲೆಗೆ ಹೋಗುತ್ತದೆ, ಆದರೆ ನನಗಂತೂ ಅದು ಸಪ್ಪೆ ಅನ್ನಿಸಿತು.